ಚಾಪೆಯ ಕೆಳಗಿನ ಹಲಗೆ

"ಮುಟ್ಟಬೇಡ! ಅದನ್ನ ಮುಟ್ಟಬೇಡ!"

ಕೂಗಿಗೆ ಬೇಲಿಯ ಮೇಲೆ ಕುಳಿತಿದ್ದ ಹಕ್ಕಿಗಳೆಲ್ಲ ಹಾರಿಹೋದವು. ಕುದುರೆ ಸಾಗಿಸುವ ಟ್ರೇಲರಿನೊಳಗೆ ಮಂಡಿಯೂರಿ ಕುಳಿತಿದ್ದ ಗಂಡಸು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಗಾಳಿಯಲ್ಲೇ ಹಿಡಿದು ತಿರುಗಿ ನೋಡಿದ.

ಅವನಿಗಿಂತ ಹೆಚ್ಚು ಬೆಚ್ಚಿಬಿದ್ದವಳು ಕೂಗಿದವಳೇ.

ಇದು ನನ್ನ ದನಿಯಾ?... ಕೋರಾ ತನ್ನ ಗಂಟಲನ್ನು ಮುಟ್ಟಿಕೊಂಡಳು. ಹತ್ತು ತಿಂಗಳಿಂದ ಆ ಗಂಟಲಿನಿಂದ ಹೊರಬಿದ್ದದ್ದು "ಹೂಂ", "ಬೇಡ", "ಆಯ್ತು", ಇಷ್ಟೇ. ಕೂಗು ಅನ್ನುವುದೊಂದು ಒಳಗೆ ಉಳಿದಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

"ನಿಮ್ಮತ್ತೆ ಮಾರ್ಲಿಸ್ ಅವ್ರು ಕಳಿಸಿದ್ರು ಮೇಡಂ," ಅವನು ನಿಧಾನವಾಗಿ ಎದ್ದು ನಿಂತು ಟೋಪಿ ತೆಗೆದ. "ಹಾರ್ಲನ್ ಅಂತ. ವೆಲ್ಡಿಂಗ್, ಮರದ ಕೆಲಸ ಎರಡೂ ಮಾಡ್ತೀನಿ. ಈ ಟ್ರೇಲರಿನೊಳಗೆ ಮನೆ ಕಟ್ಟಬೇಕು ಅಂದಿದ್ರಂತೆ..."

"ಮನೆ ಕಟ್ಟೋಕೆ ಚಾಪೆ ಯಾಕೆ ಎತ್ತಿದ್ರಿ?"

"ನೆಲ ನೋಡ್ದೆ ಮನೆ ಹೇಗೆ ಕಟ್ಲಿ?"

ಅಂಗಳದಲ್ಲಿ ರಬ್ಬರಿನ ಚಾಪೆಗಳು ಬಿದ್ದಿದ್ದವು. ಕುದುರೆಯ ಗೊರಸು ಜಾರದಿರಲೆಂದು ಹಾಸುವ ಚಾಪೆಗಳವು. ಒಂದೊಂದೂ ಒಂದು ಕರುವಿನಷ್ಟು ಭಾರ. ಇಬ್ಬರು ಹಿಡಿಯದೆ ಏಳುವಂಥವಲ್ಲ. ಇವನು ಒಬ್ಬನೇ ಎಳೆದು ಹಾಕಿದ್ದ.

ಕುದುರೆ ನಿಲ್ಲುವ ಹಿಂದಿನ ಗೂಡಿನ ನೆಲದಲ್ಲಿ, ಹಲಗೆಗಳ ಮೇಲೆ, ಒಂದು ಕಬ್ಬಿಣದ ತಗಡನ್ನು ಬೋಲ್ಟು ಹಾಕಿ ಕೂರಿಸಿತ್ತು. ಹಾರ್ಲನ್ ಅದನ್ನು ನೋಡಿದ. ಕೋರಾ ಅವನು ನೋಡಿದ್ದನ್ನು ನೋಡಿದಳು.

"ಮುಂದಿನದು ಮೊದಲು ಮಾಡೋಣ," ಎಂದ ಅವನು. "ಹಿಂದಿನದು ಕೊನೆಗೆ ನೋಡೋಣ."

"ಎಲ್ಲಾ ಮಾಡ್ಬೇಕು. ಒಂದು ಗೂಡೂ ಉಳೀಬಾರ್ದು. ಕುದುರೆ ನಿಲ್ಲೋಕೆ ಒಂದು ಗೇಣು ಜಾಗಾನೂ ಇರಬಾರ್ದು."

"ಸರಿ ಮೇಡಂ."

ಕೋರಾ ಒಳಗೆ ಹೋಗಿ ಡಬ್ಬಿಯ ಸೂಪು ಬಿಸಿ ಮಾಡಿ ಕುಡಿದಳು. ಟೊಮೇಟೊದ್ದೋ ಕೋಳಿಯದ್ದೋ ಅವಳಿಗೆ ಗೊತ್ತಾಗಲಿಲ್ಲ. ಇತ್ತೀಚೆಗೆ ಯಾವುದೂ ಗೊತ್ತಾಗುತ್ತಿರಲಿಲ್ಲ.

* * *

ನೆಬ್ರಾಸ್ಕಾದ ಆ ಮರಳುದಿಣ್ಣೆಗಳ ಸೀಮೆಯಲ್ಲಿ ಕೋರಾ ಸ್ಟೆಡ್‌ಮನ್ ಅಂದರೆ ಒಂದು ಕಾಲಕ್ಕೆ ಜನ ಎದ್ದು ನಿಲ್ಲುತ್ತಿದ್ದರು. ಕುದುರೆ ಸವಾರಿಯ ಪಂದ್ಯ ನಡೆಯುವ ರೋಡಿಯೋ ಅಖಾಡದಲ್ಲಿ ಮೂರು ಪೀಪಾಯಿಗಳನ್ನು ಸುತ್ತಿ ಬರುವ ಓಟದಲ್ಲಿ ಅವಳು, ಅವಳ ಕೆಂಚು ಹೆಣ್ಣುಕುದುರೆ ಜೂನಿ... ಹದಿನಾರು ಸೆಕೆಂಡಿನಲ್ಲಿ ಮುಗಿಯುತ್ತಿತ್ತು! ಧೂಳು ಕೆಳಗಿಳಿಯುವ ಮೊದಲೇ ಇಬ್ಬರೂ ಗೇಟಿನಾಚೆ ಇರುತ್ತಿದ್ದರು.

ಕಳೆದ ಅಕ್ಟೋಬರಿನಲ್ಲಿ, ಒಂದು ಬೆಳಿಗ್ಗೆ, ಹೆದ್ದಾರಿಯಲ್ಲಿ ಹೋಗುವಾಗ ಟ್ರೇಲರಿನ ನೆಲದ ಹಲಗೆ ಮುರಿಯಿತು. ಜೂನಿಯ ಹಿಂಗಾಲು ತೂತಿನಿಂದ ಕೆಳಗಿಳಿಯಿತು. ಕೆಳಗೆ ರಸ್ತೆ ಓಡುತ್ತಿತ್ತು.

ಅದಕ್ಕಿಂತ ಹೆಚ್ಚು ಹೇಳುವುದು ಬೇಡ. ಕೋರಾ ಕೂಡ ಯಾರಿಗೂ ಹೇಳಿಲ್ಲ.

ಅಳು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಊರಿನವರೆಲ್ಲ ಬಂದು ಹೆಗಲು ತಟ್ಟಿ, "ದುರದೃಷ್ಟ ಕಣಮ್ಮ, ಯಾರ ತಪ್ಪೂ ಅಲ್ಲ" ಎಂದರು. ಅವಳು "ಹೂಂ" ಎಂದಳು. ಆಮೇಲೆ ಜೀನು ಮುಟ್ಟಲಿಲ್ಲ, ಯಾವ ಕುದುರೆಯ ಹತ್ತಿರವೂ ಹೋಗಲಿಲ್ಲ. ರ‍್ಯಾಂಚಿನ ಎಳೆ ಕುದುರೆಗಳನ್ನು ಪಳಗಿಸುವುದು ಅವಳ ಕೆಲಸ. ಅದನ್ನು ಬಿಟ್ಟ ಮೇಲೆ ಕೆಲಸದ ಜೊತೆಗೆ ಕೊಟ್ಟ ಮನೆಯನ್ನೂ ಬಿಡಬೇಕಲ್ಲ. ಅಕ್ಟೋಬರ್ ಒಂದಕ್ಕೆ ಹೊಸಬ ಬರುತ್ತಾನೆ ಎಂದು ಮಾಲೀಕ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿ ಹೋಗಿದ್ದ. ಅವಳು ಅದಕ್ಕೂ "ಆಯ್ತು" ಎಂದಿದ್ದಳು.

ಅವಳ ಲೆಕ್ಕಾಚಾರ ಸುಲಭದ್ದು. ಟ್ರೇಲರನ್ನೇ ಮನೆ ಮಾಡಿಕೊಂಡು ಅರಿಜೋನಾಗೆ ಹೋಗಿಬಿಡುವುದು. ಅಲ್ಲಿ ಅಣ್ಣನಂಥ ಒಬ್ಬ ಬಂಧುವಿನ ಸಸಿತೋಟವಿದೆ. ಗಿಡಗಳಿಗೆ ನೀರು ಹಾಕಿದರಾಯಿತು. ಗಿಡಕ್ಕೆ ಕಾಲಿಲ್ಲ, ಕಣ್ಣಿಲ್ಲ. ಅದು ನಿಮ್ಮನ್ನು ನಂಬಿ ಗಾಡಿ ಹತ್ತುವುದಿಲ್ಲ.

* * *

ಹಾರ್ಲನ್ ಮಾತು ಕಡಿಮೆಯ ಮನುಷ್ಯ. ಬೆಳಿಗ್ಗೆ ಏಳಕ್ಕೆ ಬರುತ್ತಿದ್ದ, ಐದಕ್ಕೆ ಹೋಗುತ್ತಿದ್ದ. ಎಳೆಯುವ ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಒರಗುವ ಟ್ರೇಲರಿನ ಮೂತಿ ಇದೆಯಲ್ಲ, ಅದರೊಳಗೆ ಹಾಸಿಗೆಯ ಕಟ್ಟೆ ಮಾಡಿದ. ಅಲ್ಯೂಮಿನಿಯಂ ಗೋಡೆಗೆ ಫೋಮ್ ಹಲಗೆ ಅಂಟಿಸಿ, ಅದರ ಮೇಲೆ ಬಿದ್ದುಹೋದ ಹಳೆಯ ಕೊಟ್ಟಿಗೆಯೊಂದರ ಪೈನ್ ಪಟ್ಟಿಗಳನ್ನು ಹೊಡೆದ. ಚಕ್ರದ ಉಬ್ಬಿನ ಮೇಲೆ ಬೆಂಚು ಬಂತು, ಬೆಂಚಿನೊಳಗೆ ಬ್ಯಾಟರಿ ಕುಳಿತಿತು. ಎರಡು ಒಲೆಯ ಗ್ಯಾಸ್ ಸ್ಟೌವು, ಒಂದು ಪುಟ್ಟ ಸಿಂಕು, ಮಡಚುವ ಮೇಜು.

ಕೋರಾ ಹಲಗೆ ಹಿಡಿದಳು, ಗರಗಸ ಹಿಡಿದಳು, ಮೊಳೆ ಹೊಡೆದಳು. ಹೇಳಿದ್ದನ್ನು ಮಾಡಿದಳು. ಮನೆ ಬೆಳೆಯುತ್ತಿತ್ತು, ಅವಳಿಗೆ ಮಾತ್ರ ಖುಷಿಯೂ ಇಲ್ಲ, ಬೇಸರವೂ ಇಲ್ಲ.

ಒಂದು ದಿನ ಸುತ್ತಿಗೆ ತಪ್ಪಿ ಹೆಬ್ಬೆರಳಿನ ಮೇಲೆ ಬಿತ್ತು. ಸದ್ದು ಕೇಳಿಯೇ ಹಾರ್ಲನ್ ಮುಖ ಕಿವುಚಿದ.

ಅವಳು ಬೆರಳನ್ನೊಮ್ಮೆ ನೋಡಿ, ಇನ್ನೊಂದು ಮೊಳೆ ತೆಗೆದುಕೊಂಡಳು.

"ರೀ... ರಕ್ತ ಬರ್ತಿದೆ!"

"ಹೂಂ."

"ನೋಯ್ತಿಲ್ವಾ?"

ಕೋರಾ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. "ಇಲ್ಲ."

ಅವನು ಸುತ್ತಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡ. ಹೊಸ ಸಿಂಕಿನ ಮೊದಲ ನೀರಿನಲ್ಲಿ ಅವಳ ಬೆರಳು ತೊಳೆದ, ತನ್ನ ಕರವಸ್ತ್ರ ಹರಿದು ಸುತ್ತಿದ. ಅಷ್ಟು ದೊಡ್ಡ ಕೈಗಳು ಅಷ್ಟು ಹಗುರವಾಗಿ ಗಂಟು ಹಾಕಬಲ್ಲವೇ? ಗಂಟು ಬಿಗಿಯುವಾಗ "ಸ್ಸ್" ಎಂದದ್ದು ಅವನು, ಅವಳಲ್ಲ.

ಯಾಕೆ ಇವನಿಗೆ ಇಷ್ಟು ನೋವು? ಪೆಟ್ಟು ಬಿದ್ದದ್ದು ನನಗಲ್ಲವಾ?... ಎಂದುಕೊಂಡಳು ಕೋರಾ.

ಶನಿವಾರಗಳಂದು ಮಾರ್ಲಿಸ್ ಅತ್ತೆ ಬರುತ್ತಿದ್ದಳು. ಕೋರಾಳ ಅಪ್ಪನ ತಂಗಿ. ಊರಿನಲ್ಲಿ ಕಾಫಿ ಅಂಗಡಿ, ಬಾಯಿಗೆ ಬೀಗವಿಲ್ಲ. ಒಂದು ಕೈಯಲ್ಲಿ ಮಾಂಸ, ಕಾಳು ಬೇಯಿಸಿದ ಚಿಲ್ಲಿ ಸಾರಿನ ಪಾತ್ರೆ, ಇನ್ನೊಂದರಲ್ಲಿ ದಾಲ್ಚಿನ್ನಿ ಹಾಕಿದ ಸಿಹಿ ರೋಲುಗಳ ತಟ್ಟೆ.

"ಏನಪ್ಪಾ ಹಾರ್ಲನ್, ಮನೆ ಮುಗಿಯೋ ಲಕ್ಷಣಾನೇ ಇಲ್ವಲ್ಲ? ನಮ್ಮ ಕೌಂಟಿ ಕೋರ್ಟ್ ಕಟ್ಟಡಾನೇ ಇದಕ್ಕಿಂತ ಬೇಗ ಎದ್ದಿತ್ತು!"

"ಸೂಕ್ಷ್ಮ ಕೆಲಸ ಮೇಡಂ."

"ಸೂಕ್ಷ್ಮ ಅಂತೆ! ಕೆಲಸ ಸೂಕ್ಷ್ಮಾನೋ, ಮಾಡಿಸೋಳು ಸೂಕ್ಷ್ಮಾನೋ?"

"ಅತ್ತೆ..." ಎಂದಳು ಕೋರಾ.

"ನಾನೇನಂದೆ? ಬಾಯಿ ಬಿಟ್ಟೆ ಅಷ್ಟೆ. ನೀವಿಬ್ರೂ ಸೇರಿ ದಿನಕ್ಕೆ ಹತ್ತು ಮಾತಾಡಲ್ಲ, ಯಾರಾದ್ರೂ ಆಡ್ಬೇಕಲ್ಲ! ತಿನ್ನೇ, ರೋಲು ಬಿಸಿ ಇದೆ."

ಕೋರಾ ತಿಂದಳು. ಹತ್ತಿ ತಿಂದ ಹಾಗಿತ್ತು. ಆದರೆ ಬಿಸಿಯಾಗಿದೆ ಎನ್ನುವುದು ಗೊತ್ತಾಯಿತು.

ಮುಂದಿನ ಮನೆಗೂ ಹಿಂದಿನ ಗೂಡುಗಳಿಗೂ ನಡುವೆ ಹಾರ್ಲನ್ ಒಂದು ಗೋಡೆ ಎಬ್ಬಿಸಿದ. ಆ ಗೋಡೆಯಲ್ಲಿ, ಮಲಗಿದವರ ತಲೆಯ ಮಟ್ಟಕ್ಕೆ, ಒಂದು ಪುಟ್ಟ ಜಾರುಕಿಟಕಿ ಕೊರೆದ.

"ಇದ್ಯಾಕೆ?"

"ಹಿಂದೆ ಯಾರಾದ್ರೂ ಇದ್ರೆ... ಉಸಿರಾಡೋದು ಕೇಳ್ಸುತ್ತೆ."

"ಹಿಂದೆ ಯಾರೂ ಇರಲ್ಲ ಅಂದಿದ್ದೀನಿ."

"ಗಾಳಿಯಾದ್ರೂ ಬರ್ಲಿ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡಿ ಹಾರ್ಲನ್. ಹಿಂದಿನದು ಯಾವಾಗ ಶುರು ಮಾಡ್ತೀರಿ?"

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ಸೋಮವಾರ."

* * *

ಸೋಮವಾರ ಅವನು ಓಕ್ ಮರದ ದಪ್ಪ ಹಲಗೆಗಳನ್ನು ತಂದ. ಹಳೆಯ ನೆಲವನ್ನು ಒಂದು ತುದಿಯಿಂದ ಕೀಳುತ್ತಾ ಬಂದ. ಹಲಗೆ ಹಲಗೆಯ ನಡುವೆ ಪೆನ್ಸಿಲ್ ದಪ್ಪದ ಸಂದು ಬಿಟ್ಟು, ನೀರು ಕೆಳಗೆ ಸೋರಿ ಒಣಗುವ ಹಾಗೆ, ಒಂದೊಂದಾಗಿ ಕೂರಿಸತೊಡಗಿದ.

ಹಿಂದಿನದು ಬಟ್ಟೆಬರೆ ಇಡುವ ಕೋಣೆಯಾಗಬೇಕಲ್ಲ, ಅದಕ್ಕೆ ಸಂದು ಯಾಕೆ? ಕೇಳಬೇಕೆನಿಸಿತು ಕೋರಾಗೆ. ಮುಂದಿನ ಹಲಗೆ ಹಿಡಿದುಕೊಟ್ಟಳು.

ಕೊನೆಗೆ ಆ ತಗಡು ಬಂತು. ಅವನು ಬೋಲ್ಟು ತಿರುಗಿಸಿದ. ಒಂದು. ಎರಡು. ಮೂರು. ನಾಲ್ಕು. ತಗಡನ್ನು ಎತ್ತಿ ಪಕ್ಕಕ್ಕಿಟ್ಟ.

ತೂತು ಒಂದು ಊಟದ ತಟ್ಟೆಯಷ್ಟಿತ್ತು. ಅದರ ಮೂಲಕ ಅಂಗಳದ ಹುಲ್ಲು ಕಾಣುತ್ತಿತ್ತು.

ಮೊದಲು ಮಾತಾಡಿದವಳು ಕೋರಾಳೇ. "ಯಾರಿಗೂ ಗೊತ್ತಿರ್ಲಿಲ್ಲ," ಎಂದಳು. ಪಾಠ ಒಪ್ಪಿಸುವ ದನಿ. "ಮೇಲಿಂದ ಚೆನ್ನಾಗೇ ಕಾಣ್ತಿತ್ತು. ಯಾರಿಗೂ ಗೊತ್ತಾಗೋ ಹಾಗಿರ್ಲಿಲ್ಲ."

ಹಾರ್ಲನ್ ಕೈಯಲ್ಲಿದ್ದ ಡ್ರಿಲ್ಲನ್ನು ಕೆಳಗಿಟ್ಟ.

"ನನಗೆ ಗೊತ್ತಿತ್ತು," ಎಂದ.

"...ಏನು?"

"ಹೋದ ವರ್ಷ ಸೆಪ್ಟೆಂಬರು. ಜಾತ್ರೆ ಮೈದಾನದಲ್ಲಿ ನನ್ನ ಗಾಡಿ ನಿಮ್ಮ ಟ್ರೇಲರ್ ಪಕ್ಕಾನೇ ಇತ್ತು. ನನ್ನ ಸೈಲೆನ್ಸರ್ ಕಳಚಿತ್ತು, ಕೆಳಗೆ ಮಲಗಿ ಕಟ್ತಿದ್ದೆ. ತಿರುಗಿ ನೋಡಿದ್ರೆ ನಿಮ್ಮ ನೆಲದ ಅಡಿ ಕಾಣ್ತು. ಹಲಗೆ ಕಪ್ಪಾಗಿತ್ತು. ಒದ್ದೆ. ಪುಡಿ ಉದುರ್ತಿತ್ತು."

ಕೋರಾ ತೂತಿನಿಂದ ಕಣ್ಣೆತ್ತಿ ಅವನನ್ನು ನೋಡಿದಳು.

"ಹೇಳ್ಬೇಕು ಅಂತಾನೇ ಎದ್ದು ನಿಂತೆ. ನೀವು ಜೂನಿಗೆ ಸೇಬು ತಿನ್ನಿಸ್ತಾ ನಗ್ತಿದ್ರಿ. ನಾನು ಯಾರೋ, ನೀವು ಯಾರೋ. ಅವ್ರ ಮನೆಯೋರು ಯಾರಾದ್ರೂ ನೋಡ್ಕೊಳ್ತಾರೆ ಅಂದ್ಕೊಂಡೆ... ಬಾಯಿ ಮುಚ್ಕೊಂಡು ಹೋದೆ."

ಆ ಸೀಮೆಯ ರೂಢಿಯೇ ಹಾಗೆ. ಕೇಳದೆ ಇನ್ನೊಬ್ಬರ ಕುದುರೆಯ ಬಗ್ಗೆಯಾಗಲಿ, ಟ್ರೇಲರಿನ ಬಗ್ಗೆಯಾಗಲಿ ಒಂದು ಮಾತೂ ಆಡಬಾರದು. ಆಡಿದವನನ್ನು ಜನ ಅಧಿಕಪ್ರಸಂಗಿ ಅನ್ನುತ್ತಾರೆ. ಮಾತು ಬೆಳ್ಳಿ, ಮೌನ ಬಂಗಾರ ಅಂತ ನಾವೂ ಹೇಳುತ್ತೇವಲ್ಲ! ಆ ಬಂಗಾರಕ್ಕೆ ಜೂನಿ ಬೆಲೆ ತೆತ್ತಿದ್ದಳು.

ಕೋರಾಳ ಎದೆಯಲ್ಲಿ ಏನೋ ಬಿಸಿಯಾಗಿ ಎದ್ದಿತು. ಕೋಪ! ಹನ್ನೊಂದು ತಿಂಗಳ ಮೇಲೆ ಬಂದ ಮೊದಲ ಅತಿಥಿ. ಸಿಕ್ಕಿದ... ಕೊನೆಗೂ ಒಬ್ಬ ಸಿಕ್ಕಿದ!

"ಅದಕ್ಕೇ ಬಂದ್ರಾ ಇಲ್ಲಿಗೆ? ಮನೆ ಕಟ್ಟೋಕಲ್ಲ, ಪಾಪ ತೊಳ್ಕೊಳ್ಳೋಕೆ?"

"ಮೊದಲನೇ ದಿನ... ಹೌದು."

"ಬೆರಳಿಗೆ ಕಟ್ಟಿದ್ದು, ಕಿಟಕಿ ಕೊರೆದದ್ದು... ಎಲ್ಲಾ ಅದಕ್ಕೇನಾ?"

"ಅದಕ್ಕಲ್ಲ ಕೋರಾ. ಆಮೇಲೆ—"

"ಹೋಗಿ!"

"ಈ ಹಲಗೆಗಳನ್ನ ಕೂರಿಸ್ಬಿಟ್ಟು—"

"ಹೋಗಿ ಅಂದೆ!"

ಅವನು ಹೋಗಲಿಲ್ಲ. ಹೇಳಿದ ಮಾತನ್ನು ಹಾರ್ಲನ್ ಜೀವನದಲ್ಲಿ ಮೊದಲ ಸಲ ಮೀರಿದ. ತಲೆ ತಗ್ಗಿಸಿ ಉಳಿದ ಹಲಗೆಗಳನ್ನು ಕೂರಿಸಿದ, ಕೊನೆಯ ಸ್ಕ್ರೂ ಬಿಗಿದ, ಚಾಪೆಗಳನ್ನು ಒಳಗೆಳೆದು ಹಾಸಿದ, ಮರದ ಪುಡಿ ಗುಡಿಸಿದ. ಐದು ಗಂಟೆಗೆ, ದಿನವೂ ಹೋಗುವ ಹೊತ್ತಿಗೆ, ಹೋದ. ಸಿಂಕಿನ ಪಕ್ಕದಲ್ಲಿ ಅವನ ಸ್ಕ್ರೂಡ್ರೈವರ್ ಉಳಿದುಬಿಟ್ಟಿತ್ತು.

* * *

ಕೋಪ ಒಂದೇ ದಿನ ಉಳಿಯಿತು.

ಬುಧವಾರದ ಹೊತ್ತಿಗೆ ಅದೂ ಆರಿ, ಮತ್ತೆ ಅದೇ ಮರಗಟ್ಟಿದ ಮೈ, ಅದೇ ರುಚಿಯಿಲ್ಲದ ಸೂಪು. ಕೋಪ ಉಳಿಯದ್ದಕ್ಕೆ ಕಾರಣ ಕೋರಾಗೆ ಗೊತ್ತಿತ್ತು.

ಸುಳ್ಳಿನ ಮೇಲೆ ಕಟ್ಟಿದ ಕೋಪ ಎಷ್ಟು ದಿನ ನಿಲ್ಲುತ್ತದೆ?

ಮನೆಯ ಹಿಂಗೋಡೆಯ ಮೊಳೆಗೆ ನೀರಿನ ಪೈಪು ಸುರುಳಿ ಸುತ್ತಿ ನೇತುಹಾಕಿತ್ತು. ಹನ್ನೊಂದು ತಿಂಗಳಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಅದಕ್ಕೂ ಮೊದಲು ಪ್ರತಿ ಭಾನುವಾರ ಅದು ಹರಿಯುತ್ತಿತ್ತು. ಇಡೀ ರೋಡಿಯೋ ಬಳಗದಲ್ಲಿ ಕೋರಾಳಷ್ಟು ಚೊಕ್ಕಟದವಳು ಇನ್ನೊಬ್ಬಳಿರಲಿಲ್ಲ. ಜೂನಿ ನಿಲ್ಲುವ ಜಾಗ ಕನ್ನಡಿಯ ಹಾಗಿರಬೇಕು! ಪ್ರತಿ ಭಾನುವಾರ ಪೈಪು ಹಿಡಿದು ಚಾಪೆಗಳನ್ನು ಫಳಫಳ ತೊಳೆಯುತ್ತಿದ್ದಳು.

ಚಾಪೆ ಎತ್ತದೆ ತೊಳೆಯುತ್ತಿದ್ದಳು.

ಒಬ್ಬಳ ಕೈಲಿ ಏಳುತ್ತಿರಲಿಲ್ಲ. ಯಾರನ್ನಾದರೂ ಕರೆಯಬಹುದಿತ್ತು. ಕರೆಯುವುದಕ್ಕೆ ಸಂಕೋಚ. ಮೂರು ವರ್ಷ, ವಾರ ವಾರವೂ, ಆ ನೀರು ಚಾಪೆಯ ಅಂಚಿನಿಂದ ಕೆಳಗಿಳಿದು, ಜೂನಿಯ ಮೂತ್ರದ ಜೊತೆ ಬೆರೆತು, ಒಣಗಲು ದಾರಿಯಿಲ್ಲದೆ ಅಲ್ಲೇ ನಿಂತಿತು. ಕೊಳಕು ಟ್ರೇಲರಿನವರ ಹಲಗೆಗಳು ಇಂದಿಗೂ ಗಟ್ಟಿಯಾಗಿವೆ. ಚೊಕ್ಕಟದವಳ ಹಲಗೆ ಕೊಳೆಯಿತು.

ಜೂನಿಯನ್ನು ಕೊಂದದ್ದು ನನ್ನ ಪ್ರೀತಿ... ಅದನ್ನು ಯಾರಿಗೆ ಹೇಳಲಿ? ಹೇಳಿದರೆ ಯಾರು ಹೆಗಲು ತಟ್ಟುತ್ತಾರೆ?

ಅವನು ಒಂದು ದಿನ ಕಂಡು ಸುಮ್ಮನಿದ್ದ. ನಾನು ಮೂರು ವರ್ಷ ಕಾಣಲೇ ಇಲ್ಲ. ಆದರೂ ಹೊರಗೆ ಅಟ್ಟಿದ್ದು ಅವನನ್ನು.

ಫೋನು ಕೈಗೆತ್ತಿಕೊಂಡಳು. ಕೆಳಗಿಟ್ಟಳು. ಅಕ್ಟೋಬರ್ ಒಂದಕ್ಕೆ ಇನ್ನು ಕೆಲವೇ ದಿನ. ಅರಿಜೋನಾ ದೂರವಿದೆ, ಅಲ್ಲಿಗೆ ಹೋದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ.

* * *

ಸೆಪ್ಟೆಂಬರಿನ ಕೊನೆಯ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಮಾರ್ಲಿಸ್ ಅತ್ತೆಯ ಫೋನು. ಸದಾ ಪಟಪಟ ಅನ್ನುವ ದನಿಯಲ್ಲಿ ಈಗ ಉಸಿರೇ ಇಲ್ಲ.

"ಕೋರಾ... ಓಟಿಸ್ ಬಿದ್ದು ಹೊರಳಾಡ್ತಿದ್ದಾನೆ ಕಣೇ. ಹೊಟ್ಟೆನೋವು. ಕರುಳು ತಿರುಚಿಕೊಂಡಿರ್ಬಹುದು, ಈಗ್ಲೇ ಆಸ್ಪತ್ರೆಗೆ ತನ್ನಿ ಅಂದ್ರು ಡಾಕ್ಟ್ರು. ಎಲ್ಲರಿಗೂ ಫೋನ್ ಮಾಡ್ದೆ. ಇವತ್ತು ಕರು ಸಾಗಿಸೋ ದಿನ, ಒಂದು ಟ್ರೇಲರೂ ಊರಲ್ಲಿಲ್ಲ..."

ಓಟಿಸ್ ಅತ್ತೆಯ ಇಪ್ಪತ್ತೆರಡು ವರ್ಷದ ಮುದಿ ಕುದುರೆ. ಕೋರಾಗೆ ಸವಾರಿ ಕಲಿಸಿದವನು.

"ನಿನ್ನನ್ನ ಕೇಳಬಾರ್ದು ಅಂತ ಗೊತ್ತು, ಮಗಳೇ..."

"ಬಂದೆ," ಎಂದಳು ಕೋರಾ. ಹೇಳಿದ ಮೇಲೆ ಗೊತ್ತಾಯಿತು, ಹೇಳಿದ್ದು ತಾನು ಎಂದು.

ಹಿಂದಿನ ಗೂಡಿಗೆ ಹತ್ತಿದಳು. ಚಾಪೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ಮೊಣಕಾಲಿನವರೆಗೆ ಎತ್ತಿ, ಒಂದು ದಿಮ್ಮಿ ಒತ್ತುಕೊಟ್ಟಳು. ಹಾರ್ಲನ್ ಬಿಟ್ಟುಹೋದ ಸ್ಕ್ರೂಡ್ರೈವರಿನಿಂದ ಹಲಗೆಗಳನ್ನು ಚುಚ್ಚಿದಳು. ಇಳಿಯಲಿಲ್ಲ. ಇನ್ನೊಂದು. ಇಳಿಯಲಿಲ್ಲ. ಓಕ್ ಮರ ಕಲ್ಲಿನಂತಿತ್ತು.

ಆದರೂ ಇನ್ನೊಮ್ಮೆ ಚುಚ್ಚಿದಳು. ಆಗಲೂ ಚೆನ್ನಾಗೇ ಕಂಡಿತ್ತಲ್ಲ? ಈ ಕಣ್ಣುಗಳೇ ಅಲ್ಲವಾ ಮೂರು ವರ್ಷ ನೋಡಿದ್ದು?

ಅವಳು ಫೋನು ತೆಗೆದಳು.

"ಹಾರ್ಲನ್." ಎಂದಳು, ಅವನು ಎತ್ತುತ್ತಿದ್ದಂತೆ. "ಓಟಿಸ್‌ನ ಆಸ್ಪತ್ರೆಗೆ ಸಾಗಿಸ್ಬೇಕು. ನಂಗೆ ನನ್ನ ಕಣ್ಣಿನ ಮೇಲೆ ನಂಬಿಕೆ ಇಲ್ಲ. ಅತ್ತೆ ಮನೆಗೆ ನೀನು ಬಾ. ನೋಡು. ಕಂಡಿದ್ದನ್ನ... ಈ ಸಲ ಹೇಳು."

ಆ ಕಡೆ ಇಂಜಿನ್ ಶುರುವಾದ ಸದ್ದು ಮೊದಲು ಕೇಳಿತು, ಉತ್ತರ ಆಮೇಲೆ. "ಹೊರಟೆ."

ಕೋರಾ ಖಾಲಿ ಟ್ರೇಲರನ್ನು ಮಾರ್ಲಿಸ್ ಅತ್ತೆಯ ಅಂಗಳಕ್ಕೆ ಎಳೆದು ತಂದಳು, ಹದಿನೈದು ನಿಮಿಷಕ್ಕೆ ಅವನೂ ಅಲ್ಲಿದ್ದ. ಟ್ರೇಲರಿನ ಅಡಿಯಲ್ಲಿ ಅಂಗಾತ ಮಲಗಿ ಈ ತುದಿಯಿಂದ ಆ ತುದಿಯವರೆಗೆ ತೆವಳಿದ. ಒಳಗೆ ಹೋಗಿ, ಇದ್ದ ಭಾರವೆಲ್ಲ ಬಿಟ್ಟು ಮೂರು ಸಲ ಕುಣಿದ.

"ಗಟ್ಟಿಯಾಗಿದೆ ಕೋರಾ."

"ಅರವತ್ತು ಮೈಲಿ ಇದೆ. ದಾರೀಲಿ ಏನಾದ್ರೂ..."

"ನಾನು ಹಿಂದೇನೇ ಬರ್ತೀನಿ. ಒಂದು ಚಕ್ಕೆ ಉದುರಿದ್ರೂ ನನ್ನ ಗಾಜಿಗೇ ಬಡಿಯುತ್ತೆ."

ಬೆವರಿ ನಡುಗುತ್ತಿದ್ದ ಓಟಿಸ್ ಬಾಗಿಲಲ್ಲಿ ಒಂದು ಕ್ಷಣ ನಿಂತ. ಹೊಸ ನೆಲವನ್ನು ಮೂಸಿದ. ಹಗ್ಗ ಕೋರಾಳ ಕೈಯಲ್ಲಿತ್ತು. ಮುದುಕ ಅವಳನ್ನೊಮ್ಮೆ ನೋಡಿ, ಹತ್ತಿದ.

ಅಷ್ಟೇ. ನಂಬಿ ಹತ್ತಿಬಿಟ್ಟ!

* * *

ಮಾರ್ಲಿಸ್ ಅತ್ತೆ ಪಕ್ಕದಲ್ಲಿ ಕುಳಿತಳು. ಫೋನು ಡ್ಯಾಶ್‌ಬೋರ್ಡಿನ ಮೇಲೆ, ಸ್ಪೀಕರ್ ಹಾಕಿ.

"ಹೇಳ್ತಾ ಇರು," ಎಂದಳು ಕೋರಾ.

"ಸರಿ ಇದೆ."

ಒಂದು ಮೈಲಿ.

"ಹೇಳು."

"ಸರಿ ಇದೆ. ಏನೂ ಬೀಳ್ತಿಲ್ಲ. ಓಟಿಸ್ ಬಾಲ ಬೀಸಿದ."

ಐದು ಮೈಲಿ. ಹತ್ತು. ದಿನಕ್ಕೆ ಹತ್ತು ಮಾತಾಡದ ಮನುಷ್ಯ ಎಡೆಬಿಡದೆ ಮಾತಾಡಿದ. ಹಲಗೆ ಸರಿ ಇದೆ. ಚಕ್ರ ಸರಿ ಇದೆ. ಎಡಗಡೆ ಗಾಳಿಯಂತ್ರ ಕಾಣ್ತಿದೆ. ಹುಲ್ಲಿನ ಸುರುಳಿಗಳು. ಹಲಗೆ ಸರಿ ಇದೆ. ನಿನ್ನ ಬಲಗಡೆ ಬ್ರೇಕ್ ಲೈಟು ಸ್ವಲ್ಪ ಮಂಕು, ಆಮೇಲೆ ನೋಡೋಣ. ಹಲಗೆ ಸರಿ ಇದೆ.

ಇಪ್ಪತ್ತನೆಯ ಮೈಲಿಯ ಹತ್ತಿರ, ದಿಣ್ಣೆಗಳ ನಡುವೆ, ಫೋನು ಸತ್ತಿತು.

ನಿಶ್ಶಬ್ದ. ಕೋರಾಳ ಕೈ ಸ್ಟಿಯರಿಂಗಿನ ಮೇಲೆ ಬಿಳಿಚಿಕೊಂಡಿತು. ಆ ದಿನವೂ ಹೀಗೇ ನಿಶ್ಶಬ್ದವಿತ್ತು, ಆಮೇಲೆ—

ಹಿಂಬದಿಯ ಕನ್ನಡಿಯಲ್ಲಿ ಬೆಳಕು. ಹೆಡ್‌ಲೈಟು ಎರಡು ಸಲ ಮಿನುಗಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು ಸಲ. ಮತ್ತೆ ಎರಡು ಸಲ.

"ಸರಿ ಇದೆ ಅಂತಿದ್ದಾನೆ ಕಣೇ," ಎಂದಳು ಮಾರ್ಲಿಸ್ ಅತ್ತೆ, ಮೆಲ್ಲಗೆ.

ಎಂಟು ಮೈಲಿ ಆ ಬೆಳಕಿನ ಮೇಲೆಯೇ ಹೋದಳು. ಸಿಗ್ನಲ್ ಮರಳಿದಾಗ ಅವನು ಇನ್ನೂ ಹೇಳುತ್ತಲೇ ಇದ್ದ, ಕೇಳುವವರಿಲ್ಲದಿದ್ದರೂ.

"...ಸರಿ ಇದೆ. ಹಲಗೆ ಸರಿ ಇದೆ—"

"ಹಾರ್ಲನ್, ತೊಳೆದವಳು ನಾನು."

ಅವನು ನಿಲ್ಲಿಸಿದ.

"ಪ್ರತಿ ಭಾನುವಾರ ಪೈಪು ಹಿಡಿದು ತೊಳೀತಿದ್ದೆ. ಚಾಪೆ ಎತ್ತದೇನೇ. ಮೂರು ವರ್ಷ. ಹಲಗೆ ಕೊಳೆಸಿದವಳು ನಾನು. ನಿನಗೆ ಒಂದು ದಿನ ಕಂಡಿತ್ತು. ಅದನ್ನ ನಿನ್ನ ತಲೆಗೆ ಕಟ್ಟಿ ನಾನು..."

ಮಾರ್ಲಿಸ್ ಅತ್ತೆ ಕಿಟಕಿಯ ಕಡೆ ತಿರುಗಿ ತಕ್ಷಣ ಕಿವುಡಿಯಾದಳು. ಆದರೆ ಅವಳ ಒಂದು ಕೈ ಬಂದು ಕೋರಾಳ ಮಂಡಿಯ ಮೇಲೆ ಕುಳಿತಿತು.

"ಗೊತ್ತು," ಎಂದ ಹಾರ್ಲನ್.

"ಗೊತ್ತಾ?"

"ಮರ ನೋಡಿದ್ರೆ ಗೊತ್ತಾಗುತ್ತೆ ಕೋರಾ. ಮೇಲಿಂದ ನೀರು ಕೂತು ಕೊಳೆತದ್ದು ಅಂತ. ಮೊದಲನೇ ದಿನಾನೇ ಕಂಡೆ."

"ಮತ್ತೆ ಅದನ್ಯಾಕೆ ಹೇಳ್ಲಿಲ್ಲ? ನಾನು ಹೊರಗಟ್ಟಿದಾಗಾದ್ರೂ!"

"ನಿನಗೆ ಯಾರನ್ನಾದ್ರೂ ಬೈಬೇಕಿತ್ತು. ನಾನಿದ್ದೆ."

ಕೋರಾ ರಸ್ತೆಯನ್ನೇ ನೋಡಿದಳು. ಬಿಳಿ ಪಟ್ಟಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಕಣ್ಣು ಮಾತ್ರ ಒಣಗಿಯೇ ಇತ್ತು.

"ಹೇಳು," ಎಂದಳು ಕೊನೆಗೆ. "ಇನ್ನೂ ಏನು ಕಾಣ್ತಿದೆ?"

"ಹಲಗೆ ಸರಿ ಇದೆ." ಎಂದ ಅವನು. "ಇನ್ನೊಂದಿದೆ. ಅದನ್ನೂ ಕಂಡೂ ಹೇಳ್ದೆ ಇಟ್ಕೊಂಡಿದ್ದೀನಿ."

"ಏನು?"

"ಆ ದಿನ ಜಾತ್ರೇಲಿ ನೀನು ನಗ್ತಿದ್ದೆ ಅಂದ್ನಲ್ಲ. ಅಂಥ ನಗು ನಾನು ಎಲ್ಲೂ ಕಂಡಿರ್ಲಿಲ್ಲ. ಆಮೇಲೆ ನಿನ್ನ ಅಂಗಳಕ್ಕೆ ಬಂದಾಗ ಆ ನಗು ಇರ್ಲಿಲ್ಲ. ಪಾಪ ಕಳ್ಕೊಳ್ಳೋಕೆ ಬಂದೋನು ಮೊದಲ ವಾರಕ್ಕೇ ಹೋಗ್ಬಹುದಿತ್ತು. ಹೋಗಕ್ಕೆ ಆಗ್ಲಿಲ್ಲ. ನೀನು ನಗದೇ ಹೋದ್ರೂ ಪರ್ವಾಗಿಲ್ಲ, ನೀನಿರೋ ಕಡೆ ಇರ್ಬೇಕು ಅನ್ನಿಸ್ತು." ಅವನು ಗಂಟಲು ಸರಿಮಾಡಿಕೊಂಡ. "ಹಲಗೆ ಸರಿ ಇದೆ."

"ಅಯ್ಯೋ ದೇವರೇ," ಎಂದಳು ಕಿವುಡಿ ಮಾರ್ಲಿಸ್ ಅತ್ತೆ. "ನನ್ನ ಕುದುರೆ ಸಾಯ್ತಿದೆ, ಇವನು ಪ್ರೇಮ ಹೇಳ್ತಿದ್ದಾನೆ! ಮೂವತ್ತು ಮೈಲಿ ಬೇಕಾಯ್ತು ಇವನಿಗೆ!"

* * *

ಓಟಿಸ್ ಸಾಯಲಿಲ್ಲ. ಕರುಳು ತಿರುಚಿರಲಿಲ್ಲ, ಗಾಳಿ ಕಟ್ಟಿತ್ತು. ಮೂಗಿನಿಂದ ಕೊಳವೆ ಇಳಿಸಿ, ಔಷಧಿ ಹಾಕಿ, ಸಂಜೆಯವರೆಗೆ ಇಲ್ಲೇ ಇರಲಿ, ಆಮೇಲೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಮಾರ್ಲಿಸ್ ಅತ್ತೆ ಅವನ ಮೂತಿ ಹಿಡಿದು ಬೈಯುತ್ತಾ, ಅಳುತ್ತಾ ನಿಂತಳು.

ಕೋರಾ ಟ್ರೇಲರಿನ ಹಿಂಬಾಗಿಲಲ್ಲಿ ಕುಳಿತಿದ್ದಳು. ಚಾಪೆಯ ಮೇಲೆ ಓಟಿಸ್ ಬಿಟ್ಟ ಲದ್ದಿ. ಮಧ್ಯಾಹ್ನದ ಬಿಸಿಲು. ಹಾರ್ಲನ್ ಎರಡು ಲೋಟ ಕಾಫಿ ಹಿಡಿದು ಬಂದು, ಸ್ವಲ್ಪ ದೂರದಲ್ಲಿ ನಿಂತ.

"ಕುಡಿ. ಬಿಸಿ ಇದೆ."

ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು. "ಥೂ! ಕಹಿ!"

ಹೇಳಿ, ಅವಳೇ ಬೆರಗಾದಳು. ಕಹಿ... ಕಹಿಯಾಗಿತ್ತು!

"ಆಸ್ಪತ್ರೆ ಕಾಫಿ," ಎಂದ ಅವನು, ತಪ್ಪೆಲ್ಲ ತನ್ನದೇ ಎಂಬಂತೆ.

ಅವಳು ತನ್ನ ಕೈಯನ್ನು ನೋಡಿಕೊಂಡಳು. ಅರವತ್ತು ಮೈಲಿ ಸ್ಟಿಯರಿಂಗನ್ನು ಹಿಚುಕಿದ ಕೈ. ಹೆಬ್ಬೆರಳಿನ ಉಗುರು ಇನ್ನೂ ಕಪ್ಪಗಿತ್ತು, ಬುಡದಲ್ಲಿ ಮಾತ್ರ ಹೊಸದೊಂದು ತೆಳು ಅಂಚು ಹುಟ್ಟಿತ್ತು.

"ಹಾರ್ಲನ್... ಬೆರಳು ನೋಯ್ತಿದೆ."

ಅವನು ಲೋಟ ಕೆಳಗಿಟ್ಟು ಹತ್ತಿರ ಬಂದ. "ಎಲ್ಲಿ?"

"ಇಲ್ಲಿ. ತುಂಬಾ ನೋಯ್ತಿದೆ." ಅವಳು ಎದೆ ಮುಟ್ಟಿಕೊಂಡಳು. "ಇಲ್ಲೂ... ಎಲ್ಲಾ ಕಡೆ ನೋಯ್ತಿದೆ ಹಾರ್ಲನ್!"

ಆಗ ಬಂತು ಅಳು. ಹನ್ನೊಂದು ತಿಂಗಳ ಅಳು. ಅವನು ಪಕ್ಕದಲ್ಲಿ ಕುಳಿತು ಆ ಬೆರಳನ್ನು ಹಿಡಿದುಕೊಂಡ. ಅತ್ತಳು, ಜೂನಿಯ ಹೆಸರು ಕೂಗಿ ಅತ್ತಳು, ಸಾಕಾಗುವವರೆಗೆ ಅತ್ತಳು. ಅಳು ನಿಂತ ಮೇಲೂ ಅವನು ಬೆರಳು ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

"ಹಿಂದಿನದನ್ನ ಕೋಣೆ ಮಾಡೋದು ಬೇಡ," ಎಂದಳು ಬಹಳ ಹೊತ್ತಿನ ಮೇಲೆ. "ಹೀಗೇ ಇರ್ಲಿ."

"ಅರಿಜೋನಾ?"

"ಆ ಗಿಡಗಳಿಗೆ ಬೇರೆ ಯಾರಾದ್ರೂ ನೀರು ಹಾಕ್ಲಿ. ಅತ್ತೆ ಹುಲ್ಲುಗಾವಲಲ್ಲಿ ನಿಲ್ಲಿಸ್ಕೋತೀನಿ ಮನೇನ."

ಅವನು ತಲೆಯಾಡಿಸಿದ. ಏನೋ ಹೇಳಲು ಬಾಯಿ ತೆರೆದು, ಮುಚ್ಚಿದ.

"ಮತ್ತೆ ನುಂಗ್ಕೊಂಡ್ಯಾ?" ಅವಳ ಒದ್ದೆ ಕಣ್ಣಿನ ಅಂಚಿನಲ್ಲಿ ಏನೋ ಮಿನುಗಿತು. ನಗುವಿನ್ನೂ ಅಲ್ಲ, ಆದರೆ ಅದರ ಹತ್ತಿರದ ನೆಂಟ. "ಸರಿ, ನಾನೇ ಕೇಳ್ತೀನಿ. ಭಾನುವಾರ ಬಿಡುವಾ?"

"ಯಾಕೆ?"

"ಚಾಪೆ ಎತ್ತಿ ಹಲಗೆ ನೋಡ್ಬೇಕು. ಒಬ್ಬಳ ಕೈಲಿ ಏಳಲ್ಲ."

"ಭಾನುವಾರ ಅಂದ್ರೆ ನಾಳೇನಾ?"

"ನಾಳೇನೂ."

ಹಾರ್ಲನ್ ಅವಳನ್ನೇ ನೋಡಿದ. "ಆಮೇಲಿಂದೂ?"

"ಆಮೇಲಿಂದೂ," ಎಂದಳು ಕೋರಾ. "ಎಲ್ಲಾ ಭಾನುವಾರಾನೂ."